ಯುದ್ಧ ಕೊಟ್ಟಿದ್ದೋ, ಮೊದಲೇ ಇದ್ದದ್ದೋ?

ಸೈನಿಕರ ಮಿದುಳಿನ ರಸಾಯನವೇ ಬೇರೆ, ನಮ್ಮಂಥ ನಾಗರಿಕರದ್ದೇ ಬೇರೆ ಎಂಬ ಮಾತು ಈಚೆಗೆ ಸಲೀಸಾಗಿ ಓಡಾಡುತ್ತಿದೆ. ಇದರ ಬೇರು ಮೊದಲ ಮಹಾಯುದ್ಧದ ಕಂದಕಗಳಲ್ಲಿದೆ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 'ಶೆಲ್ ಶಾಕ್' ಬಗ್ಗೆ, ಅಂದರೆ ಶೆಲ್ ದಾಳಿಯ ನಂತರ ಸೈನಿಕರನ್ನು ಕಾಡುತ್ತಿದ್ದ ಮನಸ್ಸು-ನರಗಳ ತೊಂದರೆಯ ಬಗ್ಗೆ ಬರೆದರು. ಸ್ಫೋಟದ ಹೊಡೆತಕ್ಕೆ ನರಗಳೇ ಜಖಂ ಆಗಿರಬೇಕೆಂಬುದು ಆಗಿನ ಊಹೆ. ಆದರೆ ಸ್ಫೋಟದ ಹತ್ತಿರ ಸುಳಿಯದವರೂ ನಡುಗತೊಡಗಿದಾಗ ಅನುಮಾನ ಅವರ ಧೈರ್ಯದ ಮೇಲೆ ತಿರುಗಿತು. ಪಲಾಯನ, ಹೇಡಿತನದಂಥ ಆರೋಪಗಳ ಮೇಲೆ ಬ್ರಿಟನ್ ಗುಂಡಿಟ್ಟು ಕೊಂದ 306 ಸೈನಿಕರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ!

ವಿಯೆಟ್ನಾಂ ಯೋಧರ ಒತ್ತಾಯದ ನಂತರ, 1980ರಲ್ಲಿ, ಪಿಟಿಎಸ್‌ಡಿ (ಭಯಾನಕ ಅನುಭವದ ನಂತರ ಬಿಡದೆ ಕಾಡುವ ಮಾನಸಿಕ ಕಾಯಿಲೆ) ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿ ಸೇರಿತು. ಆಮೇಲೆ ಶುರುವಾಯಿತು ರಕ್ತ, ಮೂತ್ರಗಳ ಪರೀಕ್ಷೆ. ಒತ್ತಡದ ಹಾರ್ಮೋನು ಕಾರ್ಟಿಸೋಲ್ ಇವರಲ್ಲಿ ಉಕ್ಕಿ ಹರಿಯುತ್ತಿರಬೇಕು ಎಂದುಕೊಂಡರೆ, 1986ರಲ್ಲಿ ಸಂಶೋಧಕ ಜಾನ್ ಮೇಸನ್ ತಂಡಕ್ಕೆ ಸಿಕ್ಕಿದ್ದು ಉಲ್ಟಾ: ಕಡಿಮೆ ಕಾರ್ಟಿಸೋಲ್. ಮುಂದಿನ ಅಧ್ಯಯನಗಳಲ್ಲಿ ಇದು ಕೆಲವೆಡೆ ಕಂಡಿತು, ಕೆಲವೆಡೆ ಕಾಣಲಿಲ್ಲ.

ಇಡೀ ಕಥೆಯಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಅಮೆರಿಕದ ಸೇನಾ ನೆಲೆ ಫೋರ್ಟ್ ಬ್ರಾಗ್‌ನ ಪ್ರಯೋಗ. ಶತ್ರುವಿನ ಕೈಗೆ ಸಿಕ್ಕಿಬಿದ್ದರೆ ಹೇಗೆಂದು ಅಲ್ಲಿ ಸೈನಿಕರಿಗೆ ತರಬೇತಿ: ಹಸಿವು, ನಿದ್ದೆಗೇಡು, ಅಣಕು ವಿಚಾರಣೆ. ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯ ಚಾರ್ಲ್ಸ್ ಮಾರ್ಗನ್ ತಂಡ ವಿಚಾರಣೆ ಮುಗಿದ ಕೂಡಲೇ ಅವರ ರಕ್ತ ತೆಗೆದು, ಗಾಬರಿಯನ್ನು ಹದ್ದುಬಸ್ತಿನಲ್ಲಿಡುವ ನ್ಯೂರೋಪೆಪ್ಟೈಡ್ ವೈ ಎಂಬ ರಾಸಾಯನಿಕ ಎಷ್ಟಿದೆಯೆಂದು ಅಳೆಯಿತು. 2000ದಲ್ಲಿ ಪ್ರಕಟವಾದ ಫಲಿತಾಂಶ: ವಿಶೇಷ ಪಡೆಯವರಲ್ಲಿ ಅದು ಉಳಿದ ಸೈನಿಕರಿಗಿಂತ ಹೆಚ್ಚಿತ್ತು. 24 ಗಂಟೆ ಕಳೆಯುವಷ್ಟರಲ್ಲಿ ಅವರ ಮಟ್ಟ ಮಾಮೂಲಿಗೆ ಬಂದಿತ್ತು; ಉಳಿದವರಲ್ಲಿ ಮೊದಲಿದ್ದದ್ದಕ್ಕಿಂತಲೂ ಕೆಳಗಿಳಿದಿತ್ತು. ಗಮನಿಸಿ, ಎರಡು ಗುಂಪೂ ಸೈನಿಕರದ್ದೇ. ಅಳೆದದ್ದೂ ರಕ್ತವನ್ನು, ಮಿದುಳನ್ನಲ್ಲ.

ಹಾಗಾದರೆ ಈ ವ್ಯತ್ಯಾಸ ತರಬೇತಿಯ ಫಲವೋ, ಅಂಥವರೇ ಆಯ್ಕೆಯಾಗುತ್ತಾರೋ? 2002ರ ಅವಳಿಗಳ ಅಧ್ಯಯನ ಇಂಥದೇ ಪ್ರಶ್ನೆಗೆ ಕೈಹಾಕಿತು. ತದ್ರೂಪಿ ಅವಳಿಗಳಲ್ಲಿ ಒಬ್ಬ ವಿಯೆಟ್ನಾಂನಲ್ಲಿ ಕಾದಾಡಿದವ, ಇನ್ನೊಬ್ಬ ಯುದ್ಧ ಕಾಣದವ. ಯೋಧನಿಗೆ ತೀವ್ರ ಪಿಟಿಎಸ್‌ಡಿ ಇದ್ದ ಜೋಡಿಗಳಲ್ಲಿ, ನೆನಪಿಗೆ ಮುಖ್ಯವಾದ, ಮಿದುಳಿನ ಹಿಪೊಕ್ಯಾಂಪಸ್ ಭಾಗ ಯುದ್ಧ ಕಾಣದ ಅವಳಿಯಲ್ಲೂ ಚಿಕ್ಕದಾಗಿಯೇ ಇತ್ತು. ಯುದ್ಧವೇ ಅದನ್ನು ಕುಗ್ಗಿಸಿತು ಎಂಬ ವಾದ ಅಲ್ಲಿಗೆ ಸಡಿಲವಾಯಿತು.

ಡಚ್ ಸಂಶೋಧಕರು ಅಫ್ಘಾನಿಸ್ತಾನಕ್ಕೆ ಹೊರಟ ಸೈನಿಕರ ರಕ್ತವನ್ನು ಹೊರಡುವ ಮೊದಲೇ ಪರೀಕ್ಷಿಸಿದರು. ವಾಪಸಾದ ಮೇಲೆ ಪಿಟಿಎಸ್‌ಡಿ ಲಕ್ಷಣ ಕಾಣಿಸಿಕೊಂಡವರ ರಕ್ತಕಣಗಳಲ್ಲಿ ಕಾರ್ಟಿಸೋಲ್‌ಗೆ ಸ್ಪಂದಿಸುವ ಗ್ರಾಹಕಗಳು (ರಿಸೆಪ್ಟರ್) ಹೊರಡುವ ಮೊದಲೇ ಹೆಚ್ಚಿದ್ದವು ಎಂದು 2011ರಲ್ಲಿ ವರದಿ ಮಾಡಿದರು. ಇದು ಗುಂಪಿನ ಸರಾಸರಿಯ ಲೆಕ್ಕ. ಇದನ್ನೇ ಹಿಡಿದು ಸೇನಾ ಭರ್ತಿಗೆ ಬಂದ ಹುಡುಗನನ್ನು ರಕ್ತಪರೀಕ್ಷೆಯ ಮೇಲೆ ವಾಪಸ್ ಕಳಿಸಲು ಬರುವುದಿಲ್ಲ.