ರೇಡಿಯೇಶನ್ ಆದ ಮೇಲೆ ನೋಯುವ ಹಲ್ಲನ್ನು ಕೀಳಿಸಬಹುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ ಬಾಯಿ ಕ್ಯಾನ್ಸರ್ ಆಗಿ, ಎರಡು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಕರೆಂಟ್ (ರೇಡಿಯೇಶನ್) ಕೊಟ್ಟಿದ್ದರು. ಈಗ ಕೆಳದವಡೆಯ ಹಲ್ಲುಗಳು ಬುಡದಲ್ಲಿ ಕಪ್ಪಾಗಿದ್ದು, ಒಂದು ಹಲ್ಲು ಬಹಳ ನೋಯುತ್ತಿದೆ. ಊರಲ್ಲೇ ಕೀಳಿಸಬಹುದೇ?
(ಓದುಗರು, ರಾಣೆಬೆನ್ನೂರು)

ಉತ್ತರ: ದಯವಿಟ್ಟು ಅವಸರದಲ್ಲಿ ಕೀಳಿಸಬೇಡಿ. ವಿಕಿರಣ ಚಿಕಿತ್ಸೆಯು ಕ್ಯಾನ್ಸರ್ ಕೋಶಗಳ ಜೊತೆಗೆ ದವಡೆಯ ಮೂಳೆಯೊಳಗಿನ ಸಣ್ಣ ರಕ್ತನಾಳಗಳನ್ನೂ ಹಾಳುಮಾಡುತ್ತದೆ. ರಕ್ತಸಂಚಾರ ಕುಂದಿದ ಅಂಥ ಮೂಳೆಯಲ್ಲಿ ಹಲ್ಲು ಕಿತ್ತ ಗಾಯವು ತಿಂಗಳುಗಟ್ಟಲೆ ಮಾಯದೆ ಉಳಿದು, ಕೊನೆಗೆ ಮೂಳೆಯೇ ಸತ್ತು ವಸಡಿನಿಂದ ಹೊರಗೆ ಕಾಣತೊಡಗಬಹುದು. ಮೇಲ್ದವಡೆಗಿಂತ ಕೆಳದವಡೆಯಲ್ಲಿ, ಅದರಲ್ಲೂ 60 ಗ್ರೇಗಿಂತ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ) ಹೆಚ್ಚು ವಿಕಿರಣ ಬಿದ್ದ ಭಾಗದಲ್ಲಿ, ಈ ಅಪಾಯ ಹೆಚ್ಚು. ಎರಡು ವರ್ಷ ಕಳೆದಿದೆಯಲ್ಲ ಎಂದು ಧೈರ್ಯ ತಂದುಕೊಳ್ಳುವಂತಿಲ್ಲ. ಈ ಅಪಾಯ ಜೀವನಪೂರ್ತಿ ಇರುತ್ತದೆ.

ಆದ್ದರಿಂದ ಮೊದಲು ಚಿಕಿತ್ಸೆ ಪಡೆದ ಆಸ್ಪತ್ರೆಯಿಂದ, ದವಡೆಯ ಯಾವ ಭಾಗಕ್ಕೆ ಎಷ್ಟು ವಿಕಿರಣ ಕೊಟ್ಟಿದ್ದಾರೆಂಬ ವಿವರವನ್ನು ಬರೆಸಿಕೊಳ್ಳಿ. ಆ ಕಾಗದದೊಂದಿಗೆ ಬಾಯಿ-ದವಡೆ ಶಸ್ತ್ರಚಿಕಿತ್ಸಾ ವಿಭಾಗವಿರುವಲ್ಲಿಗೆ ಹೋಗಿ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಮಹಾವಿದ್ಯಾಲಯ ನಿಮ್ಮ ಭಾಗಕ್ಕೆ ದೂರವಲ್ಲ. ಅನೇಕ ಸಲ ಹಲ್ಲನ್ನು ಕೀಳದೆ ರೂಟ್ ಕೆನಾಲ್ ಮಾಡಿ, ಮೇಲ್ಭಾಗ ತೀರಾ ಹಾಳಾಗಿದ್ದರೆ ಅದನ್ನಷ್ಟೇ ಕತ್ತರಿಸಿ, ಬೇರನ್ನು ಮೂಳೆಯಲ್ಲೇ ಬಿಟ್ಟು ನೋವು ನಿಲ್ಲಿಸಲು ಸಾಧ್ಯವಿದೆ. ಕೀಳಲೇಬೇಕಾದರೆ ಮೂಳೆಗೆ ಆದಷ್ಟು ಕಡಿಮೆ ಪೆಟ್ಟಾಗುವಂತೆ ಅನುಭವಿಗಳೇ ಕೀಳಬೇಕು.

ಉಳಿದ ಹಲ್ಲುಗಳ ಬಗ್ಗೆಯೂ ಇಷ್ಟೇ ಕಾಳಜಿ ಬೇಕು. ವಿಕಿರಣದಿಂದ ಜೊಲ್ಲಿನ ಗ್ರಂಥಿಗಳು ಸೊರಗಿ ಬಾಯಿ ಒಣಗುತ್ತದೆ. ಆಮ್ಲವನ್ನು ತೊಳೆಯುವ ಜೊಲ್ಲು ಇಲ್ಲದಾಗ ವಸಡಿನಂಚಿನಿಂದ ಹುಳುಕು ಶುರುವಾಗುತ್ತದೆ. ಬಾಯಿ ಒಣಗಿತೆಂದು ಅನೇಕರು ಕಲ್ಲುಸಕ್ಕರೆ ಚಪ್ಪರಿಸುತ್ತಾರೆ, ಸಕ್ಕರೆಯ ಚಹಾವನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತಾರೆ. ಇವುಗಳಿಂದ ಹಲ್ಲು ಇನ್ನೂ ಬೇಗ ಕೆಡುತ್ತದೆ. ಬರಿಯ ನೀರನ್ನು ಆಗಾಗ ಗುಟುಕರಿಸಲಿ. ಮದ್ಯಸಾರವಿರುವ ಮೌತ್‌ವಾಶ್ ಬೇಡ, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು. ಸಾಮಾನ್ಯ ಪೇಸ್ಟ್‌ನಲ್ಲಿ ಫ್ಲೋರೈಡ್ ಹೆಚ್ಚೆಂದರೆ 1,500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಅಳತೆ) ಆಸುಪಾಸಿನಲ್ಲಿರುತ್ತದೆ. ಇಂಥವರಿಗೆ ವೈದ್ಯರು 5,000 ಪಿಪಿಎಂನ ಪೇಸ್ಟ್ ಅಥವಾ ಫ್ಲೋರೈಡ್ ಜೆಲ್ ಬರೆದುಕೊಡುವುದುಂಟು, ನೀವಾಗಿ ಕೇಳಿ. ಗುಟ್ಕಾ, ತಂಬಾಕು ಪೂರ್ತಿ ನಿಲ್ಲಲೇಬೇಕು.

ಚಿಕಿತ್ಸೆ ಇನ್ನೂ ಆರಂಭವಾಗದ ಮನೆಯವರೂ ಇದನ್ನು ಓದುತ್ತಿರಬಹುದು. ಕೆಟ್ಟ ಹಲ್ಲುಗಳನ್ನು ವಿಕಿರಣಕ್ಕೆ ಎರಡು-ಮೂರು ವಾರ ಮೊದಲೇ ಕೀಳಿಸಿಕೊಂಡರೆ ಗಾಯ ಮಾಯಲು ಸಮಯ ಸಿಗುತ್ತದೆ.

ತಂದೆಯವರಿಗೆ ಮುಖ ಊದಿ ಜ್ವರ ಬಂದರೆ, ಕೀವು ಸೋರಿದರೆ, ಕೆಳತುಟಿ ಜೋಮು ಹಿಡಿದರೆ ಅಥವಾ ಬಾಯಲ್ಲಿ ಮೂಳೆ ಕಂಡರೆ, ನೋವಿನ ಗುಳಿಗೆ ನುಂಗಿಸಿ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.