ಕಾಯುವುದು ಎಂದರೆ ಕೈಕಟ್ಟಿ ಕೂರುವುದೇ?

ಓದುಗರ ಪ್ರಶ್ನೆ: ಸಂಡೇ ಸ್ಕೂಲ್, ವಾರದ ಪ್ರಾರ್ಥನಾ ಕೂಟ, ಗಾಯನ ತಂಡ, ರೋಗಿಗಳ ಭೇಟಿ ಎಂದು ವಾರವಿಡೀ ಸಭೆಯ (ಚರ್ಚಿನ) ಕೆಲಸದಲ್ಲೇ ಓಡಾಡುತ್ತೇನೆ. ಈಗ ಯುವಜನರ ಜವಾಬ್ದಾರಿಯನ್ನೂ ವಹಿಸಿಕೊಳ್ಳಿ ಎಂದು ಕೇಳಿದ್ದಾರೆ. ಹಿರಿಯರೊಬ್ಬರು ಮಾತ್ರ “ಅವಸರಪಡಬೇಡಿ, ದೇವರ ನಡೆಸುವಿಕೆಗಾಗಿ ಕಾದುಕೊಂಡಿರಿ” ಎಂದರು. ಕೆಲಸ ಕಣ್ಣೆದುರೇ ಬಿದ್ದಿರುವಾಗ ಕಾಯುವುದು ಎಂದರೇನು? ಅದು ಸೋಮಾರಿತನಕ್ಕೆ ಇಟ್ಟ ಒಳ್ಳೆಯ ಹೆಸರಲ್ಲವೇ?

ಉತ್ತರ: ಎಷ್ಟೋ ಸಲ ಹೌದು. “ಕರ್ತನ ಚಿತ್ತಕ್ಕಾಗಿ ಕಾಯುತ್ತಿದ್ದೇನೆ” ಎನ್ನುವ ಮಾತಿನ ಹಿಂದೆ ಬರೀ ಅಂಜಿಕೆಯೋ ಆಲಸ್ಯವೋ ಅಡಗಿ ಕುಳಿತಿರುವುದನ್ನು ನಾನು ನೋಡಿದ್ದೇನೆ, ನನ್ನಲ್ಲೇ ನೋಡಿದ್ದೇನೆ. ಥೆಸಲೊನೀಕದ ಸಭೆಯಲ್ಲಿ ಕೆಲವರು ದುಡಿಮೆ ಬಿಟ್ಟು ಪರರ ವಿಷಯದಲ್ಲಿ ತಲೆಹಾಕುತ್ತಾ ತಿರುಗುತ್ತಿದ್ದಾಗ, ದುಡಿಯಲು ಮನಸ್ಸಿಲ್ಲದವನು ಉಣ್ಣಲೂ ಬಾರದು ಎಂದು ಅಪೊಸ್ತಲನಾದ ಪೌಲನು ಮುಲಾಜಿಲ್ಲದೆ ಬರೆದನು. ಹಸಿದವನು ಬಾಗಿಲಲ್ಲಿ ನಿಂತಿದ್ದರೆ ಅವನಿಗೆ ಊಟ ಕೊಡಬೇಕೇ ಎಂದು ಪ್ರಾರ್ಥಿಸುವ ಅಗತ್ಯವೂ ಇಲ್ಲ. ಅದಕ್ಕೆ ಅಪ್ಪಣೆ ಎಂದೋ ಆಗಿದೆ.

ಆದರೆ ನಿಮ್ಮ ಹಿರಿಯರ ಮಾತಿನಲ್ಲಿ ಬೇರೆಯದೇ ಒಂದು ಸಂಗತಿ ಇದೆ. ಕನ್ನಡದ ‘ಕಾಯು’ ಎಂಬ ಪದವನ್ನೇ ನೋಡಿ. ಬರುವವರಿಗಾಗಿ ಕಾಯುತ್ತೇವೆ, ಮನೆಯನ್ನೂ ಕಾಯುತ್ತೇವೆ. ಕಾವಲುಗಾರ ಹುಟ್ಟಿದ್ದು ಈ ಪದದಿಂದಲೇ. ಬೈಬಲಿನ 130ನೆಯ ಕೀರ್ತನೆಯಲ್ಲಿ ಭಕ್ತನು ತನ್ನನ್ನು ಹೋಲಿಸಿಕೊಳ್ಳುವುದೂ ಬೆಳಗನ್ನು ಎದುರುನೋಡುವ ಕಾವಲುಗಾರರಿಗೇ. ಕಾವಲಿನವನು ಕಣ್ಣು ಮುಚ್ಚುವಂತಿಲ್ಲ. ಹಾಗೆಂದು ಬೇಗ ಬೆಳಗು ಮಾಡಿಸುವ ಹೊಣೆಯೂ ಅವನದಲ್ಲ.

ಈ ವಿಷಯ ಬಂದಾಗಲೆಲ್ಲ, ತಂಗಿ ಮರಿಯಳು ಯೇಸುವಿನ ಪಾದದ ಬಳಿ ಕುಳಿತು ಕೇಳುತ್ತಿದ್ದಾಗ ಉಪಚಾರದ ಗಡಿಬಿಡಿಯಲ್ಲಿದ್ದ ಮಾರ್ಥಳನ್ನು ಎಳೆದು ತರುವುದು ವಾಡಿಕೆ. ಬಡಪಾಯಿ ಮಾರ್ಥಳು ಪ್ರಸಂಗಿಗಳಿಂದ ಸಾಕಷ್ಟು ಬೈಸಿಕೊಂಡಿದ್ದಾಳೆ. ತಮ್ಮನಾದ ಲಾಜರನು ಸತ್ತ ದುಃಖದಲ್ಲೂ ಯೇಸುವಿಗೆ “ನೀನೇ ಕ್ರಿಸ್ತನು, ದೇವಕುಮಾರನು” ಎಂದು ಅರಿಕೆ ಮಾಡಿದವಳು ಅವಳೇ ಎಂಬುದನ್ನು ಯಾರೂ ನೆನೆಯುವುದಿಲ್ಲ. ಅವಳನ್ನು ಇವತ್ತಿನ ಮಟ್ಟಿಗೆ ಬಿಟ್ಟುಬಿಡೋಣ. ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದವನು ಅರಸನಾದ ಸೌಲ.

ಗಿಲ್ಗಾಲಿನಲ್ಲಿ ಏಳು ದಿನ ಕಾದಿರು, ನಾನು ಬಂದು ನೀನು ಮಾಡಬೇಕಾದದ್ದನ್ನು ತಿಳಿಸುತ್ತೇನೆ ಎಂದು ಪ್ರವಾದಿಯಾದ ಸಮುವೇಲನು ಅವನಿಗೆ ಹೇಳಿದ್ದನು. ಅತ್ತ ಮಿಕ್ಮಾಷಿನಲ್ಲಿ ಫಿಲಿಷ್ಟಿಯರು ರಥಗಳೊಂದಿಗೆ ಬಂದು ಇಳಿದಿದ್ದರು. ಇತ್ತ ಸೌಲನ ಜನರು ಗವಿಗಳಲ್ಲಿ, ಪೊದೆಗಳಲ್ಲಿ, ಬಂಡೆಗಳ ಸಂದಿಯಲ್ಲಿ ಅಡಗಿಕೊಳ್ಳತೊಡಗಿದರು. ಕೆಲವರು ಯೊರ್ದನ್ ನದಿ ದಾಟಿಯೇ ಹೋದರು. ಏಳು ದಿನ ಕಳೆಯಿತು, ಸಮುವೇಲನ ಸುಳಿವಿಲ್ಲ. ಸೌಲನು ತಾನೇ ಸರ್ವಾಂಗಹೋಮ ಅರ್ಪಿಸಿದನು. ಹೋಮ ಮುಗಿಯುತ್ತಿದ್ದಂತೆ ಸಮುವೇಲನು ಬಂದು, ನೀನು ಮಾಡಿದ್ದೇನು ಎಂದು ಕೇಳಿದನು.

ಸೌಲನು ಕೊಟ್ಟ ಕಾರಣಗಳನ್ನು ಓದಿದಾಗ ನನಗೆ ಪ್ರತಿ ಸಲವೂ ಇರುಸುಮುರುಸಾಗುತ್ತದೆ, ಏಕೆಂದರೆ ಅವೆಲ್ಲ ನಿಜ. ಜನ ಚದರಿಹೋಗುತ್ತಿದ್ದರು, ನೀನು ಹೊತ್ತಿಗೆ ಬರಲಿಲ್ಲ, ಶತ್ರುಗಳು ಕೂಡಿಬಂದಿದ್ದರು, ಮನಸ್ಸಿಲ್ಲದಿದ್ದರೂ ಒತ್ತಾಯಮಾಡಿಕೊಂಡು ಅರ್ಪಿಸಿದೆ. ಒಂದೂ ಸುಳ್ಳಲ್ಲ. ಇನ್ನೊಂದು ಸಂಗತಿಯನ್ನು ಗಮನಿಸಿ: ಅವನು ಮಾಡಿದ್ದು ಕಳ್ಳತನವಲ್ಲ, ವಿಗ್ರಹಾರಾಧನೆಯಲ್ಲ, ಅದೊಂದು ಆರಾಧನೆ. ಭಕ್ತಿಯ ಕೆಲಸವನ್ನೇ ಕಾಯಲಾರದ ಚಡಪಡಿಕೆಗೆ ಮದ್ದಾಗಿ ಬಳಸಿಕೊಂಡನು. ಅವನೊಂದಿಗೆ ಕೊನೆಗೆ ಉಳಿದವರು ಸುಮಾರು 600 ಮಂದಿ. ಜನ ಚದರದಿರಲಿ ಎಂದು ಮಾಡಿದ ಹೋಮದಿಂದ ಜನರೂ ಉಳಿಯಲಿಲ್ಲ.

ನಮ್ಮ ಸಭೆಗಳಲ್ಲಿ ಇದು ಇಷ್ಟು ನಾಟಕೀಯವಾಗಿ ನಡೆಯುವುದಿಲ್ಲ. ನಾನು ಕೆಲವು ವರ್ಷ ಒಂದು ಸಮಿತಿಯಲ್ಲಿದ್ದೆ. ಸಭೆ ಸೇರಿದ ಕೂಡಲೇ ಯಾರಾದರೂ ಒಬ್ಬರು ಒಂದು ನಿಮಿಷ ಪ್ರಾರ್ಥಿಸುತ್ತಿದ್ದರು. ಆಮೇಲೆ ಒಂದೂವರೆ ಗಂಟೆ ತಾರೀಕು, ಖರ್ಚು, ಯಾರಿಗೆ ಯಾವ ಕೆಲಸ ಎಂಬ ಚರ್ಚೆ. ಕೊನೆಗೆ “ಕರ್ತನೇ, ಈ ತೀರ್ಮಾನಗಳನ್ನು ಆಶೀರ್ವದಿಸು” ಎಂಬ ಇನ್ನೊಂದು ನಿಮಿಷ. ಒಂದು ರಾತ್ರಿ ಟಿಪ್ಪಣಿ ಪುಸ್ತಕವನ್ನು ಮನೆಗೆ ತಂದು ತಿರುವಿಹಾಕಿದಾಗ ಹೊಳೆಯಿತು: ಆ ಎರಡು ನಿಮಿಷಗಳನ್ನು ತೆಗೆದುಹಾಕಿದ್ದರೂ ನಮ್ಮ ಒಂದು ತೀರ್ಮಾನವೂ ಬದಲಾಗುತ್ತಿರಲಿಲ್ಲ. ದೇವರನ್ನು ನಾವು ಸಹಿಗಾಗಿ ಮಾತ್ರ ಕರೆಯುತ್ತಿದ್ದೆವು. ಪುಸ್ತಕದ ಬರವಣಿಗೆ ನನ್ನದೇ ಆಗಿತ್ತು.

ಒಳ್ಳೆಯ ಕೆಲಸ, ಒಳ್ಳೆಯ ಉದ್ದೇಶ, ದೇವಭಕ್ತರ ಒಪ್ಪಿಗೆ ಎಲ್ಲ ಇದ್ದರೂ ಕೇಳಬೇಕಾದದ್ದು ಉಳಿದಿರಬಹುದು. ದೇವರಿಗೆ ಆಲಯ ಕಟ್ಟಬೇಕೆಂದು ದಾವೀದನು ಬಯಸಿದಾಗ ಪ್ರವಾದಿಯಾದ ನಾತಾನನೇ “ಮನಸ್ಸಿನಲ್ಲಿರುವುದನ್ನು ಮಾಡು” ಎಂದುಬಿಟ್ಟಿದ್ದನು. ಅದೇ ರಾತ್ರಿ ದೇವರ ವಾಕ್ಯ ನಾತಾನನಿಗೆ ಬಂತು: ಕಟ್ಟುವವನು ದಾವೀದನಲ್ಲ, ಅವನ ಮಗ. ಆಲಯ ಬೇಡವೆಂದಲ್ಲ, ಆ ಕೈಯಿಂದ ಅಲ್ಲ. ಯುವಜನರ ಸೇವೆ ಒಳ್ಳೆಯದೇ ಎಂಬುದು ನಿಮ್ಮ ಮುಂದಿರುವ ಪ್ರಶ್ನೆಯೇ ಅಲ್ಲ. ಅದು ನಿಮಗೆ ಕೊಟ್ಟದ್ದೇ ಎಂಬುದು ಪ್ರಶ್ನೆ.

ಹಾಗಾದರೆ ಕಾಯುವಾಗ ಏನು ಮಾಡಬೇಕು? ಪಾರಸಿಯ ಅರಸನ ಪಾನಸೇವಕನಾಗಿದ್ದ ನೆಹೆಮೀಯನನ್ನು ನೋಡಿ. ಯೆರೂಸಲೇಮಿನ ಗೋಡೆ ಕೆಡವಲ್ಪಟ್ಟಿದೆ ಎಂಬ ಸುದ್ದಿ ಅವನಿಗೆ ಸಿಕ್ಕಿದ್ದು ಕಿಸ್ಲೇವ್ ಮಾಸದಲ್ಲಿ. ಅರಸನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ಮಾಸದಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಅಷ್ಟೂ ಕಾಲ ಅವನು ಆ ಕೆಲಸ ಬಿಟ್ಟಿರಲಿಲ್ಲ. ಅಳುತ್ತಾ, ಉಪವಾಸಮಾಡುತ್ತಾ, ಪ್ರಾರ್ಥಿಸುತ್ತಾ ಅದರಲ್ಲೇ ಇದ್ದನು. “ನಿನಗೇನು ಬೇಕು?” ಎಂದು ಅರಸನು ಕೇಳಿದಾಗ ಅವನು ತಡವರಿಸಲಿಲ್ಲ. ಒಂದು ಚಿಕ್ಕ ಪ್ರಾರ್ಥನೆ, ಅದರ ಬೆನ್ನಿಗೇ ಎಷ್ಟು ದಿನ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಬಾಗಿಲುಗಳಿಗೆ ಯಾರಿಂದ ಮರ ಬೇಕು ಎಂಬುದೆಲ್ಲ ಹೊರಬಂತು. ವನಪಾಲಕನಾದ ಆಸಾಫನ ಹೆಸರೂ ಅವನ ನಾಲಿಗೆಯ ತುದಿಯಲ್ಲಿತ್ತು! ಆಮೇಲೆ ಗೋಡೆ ಮುಗಿದದ್ದು 52 ದಿನಗಳಲ್ಲಿ.

ಕಾಯುವವರಿಗೆ ಆಕಾಶದಿಂದ ಧ್ವನಿ ಕೇಳಿಸಬೇಕೆಂದೂ ಇಲ್ಲ. ಪೌಲನ ತಂಡವನ್ನು ಆಸ್ಯ ಸೀಮೆಯಲ್ಲಿ ವಾಕ್ಯ ಸಾರದಂತೆ ಪವಿತ್ರಾತ್ಮನು ತಡೆದನು. ಬಿಥೂನ್ಯಕ್ಕೆ ಹೋಗಲು ನೋಡಿದರು, ಅದಕ್ಕೂ ತಡೆ. ತ್ರೋವದಲ್ಲಿ ರಾತ್ರಿ, ಬಂದು ನೆರವಾಗು ಎಂದು ಬೇಡುವ ಮಕೆದೋನ್ಯದವನೊಬ್ಬನ ದರ್ಶನ ಪೌಲನಿಗಾಯಿತು. ಬಳಿಕ, ಇದನ್ನು ದಾಖಲಿಸಿದ ಲೂಕನು ಬರೆಯುವುದು ದೇವರ ಕರೆ ಅಲ್ಲಿಗೇ ಎಂದು “ನಾವು” ನಿಶ್ಚಯಿಸಿಕೊಂಡೆವು ಎಂದು. ಎರಡು ಮುಚ್ಚಿದ ಬಾಗಿಲು, ಒಂದು ದರ್ಶನ, ಜೊತೆಯವರ ಆಲೋಚನೆ, ಎಲ್ಲ ಸೇರಿ ಒಂದು ದಾರಿ. ಅಷ್ಟು ಹೊತ್ತೂ ಅವರು ನಡೆಯುತ್ತಲೇ ಇದ್ದರು.

ಎಷ್ಟು ದಿನ ಕಾಯಬೇಕು ಎಂಬುದಕ್ಕೆ ಲೆಕ್ಕವಿಲ್ಲ. ಅರಣ್ಯದ ಪ್ರಯಾಣದಲ್ಲಿ ದಾರಿ ತೋರುತ್ತಿದ್ದ, ದೇವದರ್ಶನದ ಗುಡಾರದ ಮೇಲಿನ ಮೇಘ ಎರಡು ದಿನ ನಿಂತರೂ, ತಿಂಗಳು ನಿಂತರೂ, ಇನ್ನೂ ಹೆಚ್ಚು ಕಾಲ ನಿಂತರೂ ಇಸ್ರಾಯೇಲ್ಯರು ಅಲ್ಲೇ ಇಳಿದುಕೊಂಡಿರುತ್ತಿದ್ದರು. ಕೆಲವೊಮ್ಮೆ ಅದು ಸಂಜೆಯಿಂದ ಬೆಳಗಿನವರೆಗೆ ಮಾತ್ರ ನಿಲ್ಲುತ್ತಿತ್ತು. ರಾತ್ರಿ ಡೇರೆಯ ಗೂಟ ಹೊಡೆದು ಬೆಳಗ್ಗೆ ಕಿತ್ತವರು ಗೊಣಗದೆ ಇದ್ದಿರಲಾರರು ಎಂದು ನನ್ನ ಗುಮಾನಿ.

ನಿಮ್ಮ ವಿಷಯಕ್ಕೆ ಬಂದರೆ, ಈ ವಾರವೇ “ಆಗಲಿ” ಎನ್ನಬೇಡಿ, “ಆಗದು” ಎಂದೂ ಅನ್ನಬೇಡಿ. ಕೇಳಿದವರಿಂದ ಒಂದು ತಿಂಗಳ ಸಮಯ ಪಡೆಯಿರಿ. ಅದು ಅವರಿಗೂ ನ್ಯಾಯ. ಕೊನೆಯಿಲ್ಲದೆ ಕಾಯಿಸುವುದು ಭಕ್ತಿಯಲ್ಲ. ಈಗ ಕೈಯಲ್ಲಿರುವ ನಾಲ್ಕು ಕೆಲಸಗಳನ್ನು ಒಂದೊಂದಾಗಿ ಹಿಡಿದು, ಇದು ನನಗೆ ಬಂದದ್ದು ಹೇಗೆ ಎಂದು ಕೇಳಿಕೊಳ್ಳಿ. ಕರೆಯಿಂದಲೋ, ಯಾರೂ ಇಲ್ಲವೆಂಬ ಕಾರಣದಿಂದಲೋ, ಇಲ್ಲ ಎನ್ನಲಾರದ ದಾಕ್ಷಿಣ್ಯದಿಂದಲೋ? ಉತ್ತರ ಅಹಿತವಾಗಿದ್ದರೆ ಅದನ್ನೂ ಪ್ರಾರ್ಥನೆಗೆ ಒಯ್ಯಿರಿ. ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರನ್ನು ಕೇಳಿ, ಅವರಲ್ಲಿ ಒಬ್ಬರಾದರೂ ನಿಮ್ಮ ಮನೆಯವರಾಗಿರಲಿ, ಏಕೆಂದರೆ ನಿಮ್ಮ ದಣಿವು ಅವರಿಗೆ ಮೊದಲು ಕಾಣಿಸುತ್ತದೆ. ತಿಂಗಳು ಮುಗಿದರೂ ಏನೂ ಸ್ಪಷ್ಟವಾಗದಿದ್ದರೆ ಅದನ್ನು ಹಾಗೆಯೇ ಹೇಳಿಬಿಡಿ, ಬೇರೆಯವರನ್ನು ಹುಡುಕಲು ಅವರಿಗೆ ದಾರಿ ಬಿಡಿ. ಮತ್ತೆ, ಆ ಹಿರಿಯರನ್ನು ಒಮ್ಮೆ ಭೇಟಿಯಾಗಿ “ನೀವು ಹಾಗೇಕೆ ಹೇಳಿದಿರಿ?” ಎಂದು ಕೇಳಿ. ಅವರ ಕಣ್ಣಿಗೆ ಏನೋ ಬಿದ್ದಿರಬೇಕು.