ಸೆವೆನ್ಸ್‌ನಲ್ಲಿ ಕಪ್ ಮೇಲೆ ಕಪ್, ಆದರೂ ನಮ್ಮ ಹುಡುಗರನ್ನು ಯಾರೂ ಕರೆಯುವುದಿಲ್ಲ ಯಾಕೆ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ಸಣ್ಣ ಫುಟ್‌ಬಾಲ್ ಕ್ಲಬ್. ಮೂರು ವರ್ಷಗಳಿಂದ ಸುತ್ತಮುತ್ತಲಿನ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಮಂದಿಯ, ಪಂದ್ಯಾಟಗಳಲ್ಲಿ ಕಪ್ ತರುತ್ತಿದ್ದೇವೆ. ಇಬ್ಬರು ಹುಡುಗರಂತೂ ರಾಜ್ಯ ತಂಡದಲ್ಲಿ ಸಂತೋಷ್ ಟ್ರೋಫಿ ಆಡುವ ತಾಕತ್ತಿನವರು. ಆದರೆ ಯಾರೂ ಕರೆಯುವುದಿಲ್ಲ. ನಾವು ಜಿಲ್ಲಾ ಲೀಗ್‌ಗೆ ಸೇರಬೇಕೇ? ಸೇರಿದರೆ ಏನು ಸಿಗುತ್ತದೆ?

ಉತ್ತರ: ಸೇರಿ. ಕಪ್ಪಿನ ಆಸೆಗೆ ಬೇಡ, ಹುಡುಗರ ಹೆಸರು ಒಂದು ಕಡೆ ದಾಖಲಾಗಲಿ ಎಂದು ಸೇರಿ.

ಸೆವೆನ್ಸ್ ಅಂದರೆ ಮೂಗು ಮುರಿಯುವವರ ಪೈಕಿ ನಾನಲ್ಲ. ಅಡಕೆ ಸಲಾಕೆ ಹೊಡೆದು ಕಟ್ಟಿದ ಗ್ಯಾಲರಿಯಲ್ಲಿ, ಹಿಂದೆ ಕೂತವರ ಮೊಣಕಾಲು ಬೆನ್ನಿಗೆ ಚುಚ್ಚಿಸಿಕೊಂಡು, ಲೈಟಿನ ಸುತ್ತ ಹುಳ ಹಾರುವುದನ್ನು ನೋಡುತ್ತ ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಅನೌನ್ಸರ್ ಮಲಯಾಳದಲ್ಲಿ ಶುರು ಮಾಡಿ, ಗೋಲು ಬಿದ್ದಾಗ ತುಳುವಿಗೆ ಜಾರಿ, ಯಾರದೋ ಬೈಕಿನ ಕೀ ಸಿಕ್ಕಿದ ಸಂಗತಿಯನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಾನೆ. ಆಫ್ರಿಕಾದಿಂದ ಬಂದ ಆಟಗಾರನೊಬ್ಬ ನಮ್ಮ ಪಕ್ಕದ ಮನೆ ಹುಡುಗನ ಕಾಲಿನಿಂದ ಚೆಂಡು ಕಿತ್ತುಕೊಂಡರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಇಂಥ ಕಳೆ ಲೀಗ್ ಪಂದ್ಯಕ್ಕೆ ಇಲ್ಲ. ಅಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಆಡುವವರೂ ನೋಡುವವರೂ ಸಂಖ್ಯೆಯಲ್ಲಿ ಹೆಚ್ಚುಕಮ್ಮಿ ಸಮ.

ಆದರೆ ಬೆಳಗಾದರೆ ಸೆವೆನ್ಸ್‌ನ ಆಟ ಅಧಿಕೃತವಾಗಿ ಎಲ್ಲಿಯೂ ಬರೆದಿರುವುದಿಲ್ಲ. ಜಗತ್ತಿನ ಫುಟ್‌ಬಾಲ್ ಆಳುವ ಫಿಫಾ, ಅದರ ಕೆಳಗೆ 1937ರಲ್ಲಿ ಹುಟ್ಟಿದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅದರ ಕೆಳಗೆ ಕೇರಳ ಫುಟ್‌ಬಾಲ್ ಅಸೋಸಿಯೇಷನ್, ಆಮೇಲೆ 14 ಜಿಲ್ಲೆಗಳ ಸಂಸ್ಥೆಗಳು, ಕೊನೆಗೆ ಕ್ಲಬ್. ಈ ಸರಪಳಿಯಲ್ಲಿ ಸೆವೆನ್ಸ್‌ಗೆ ಕೊಂಡಿಯಿಲ್ಲ. ಸರಪಳಿ ಎಷ್ಟು ಬಿಗಿ ಎನ್ನುವುದು 2022ರ ಆಗಸ್ಟ್‌ನಲ್ಲಿ ಕಂಡಿತು. ಫಿಫಾ ನಮ್ಮ ಫೆಡರೇಷನ್ನನ್ನು ಅಮಾನತಿನಲ್ಲಿಟ್ಟದ್ದು ಬರೀ ಹನ್ನೊಂದು ದಿನ. ಅಷ್ಟರಲ್ಲೇ ಏಷ್ಯಾ ಮಟ್ಟದ ಕೂಟಕ್ಕೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳದ ಮಹಿಳಾ ತಂಡ ಒಂದು ಪಂದ್ಯವನ್ನೂ ಆಡದೆ ವಾಪಸು ಬಂತು. ಮೇಲೆ ಒಂದು ಕೊಂಡಿ ಕಳಚಿದ್ದಕ್ಕೇ ಹೀಗಾದರೆ, ಸರಪಳಿಗೆ ಸೇರದೇ ಇರುವವರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ನಿಮ್ಮ ಇಬ್ಬರು ಹುಡುಗರ ವಿಷಯವೂ ಇಷ್ಟೇ. ರಾಜ್ಯದ ಆಯ್ಕೆಗಾರರು ನೋಡುವುದು ಅಂತರ್‌ಜಿಲ್ಲಾ ಚಾಂಪಿಯನ್‌ಷಿಪ್ ಮತ್ತು ಕೇರಳ ಪ್ರೀಮಿಯರ್ ಲೀಗ್. ಜಿಲ್ಲಾ ತಂಡ ಕಟ್ಟುವುದು ನೋಂದಾಯಿತ ಆಟಗಾರರಿಂದ. ಆಟ ಬಾರದ್ದಕ್ಕೆ ಬಿಟ್ಟರು ಎಂದು ಹುಡುಗರು ಕೊರಗುವುದು ಬೇಡ. ಪಟ್ಟಿಯಲ್ಲಿ ಹೆಸರೇ ಇಲ್ಲದವನನ್ನು ಬಿಡುವ ಪ್ರಶ್ನೆ ಎಲ್ಲಿ ಬಂತು?

ನೋಂದಣಿ ಎಂದರೆ ಎರಡು ಕೆಲಸ. ಮೊದಲನೆಯದು ಕ್ಲಬ್ಬಿನದು. ನಮ್ಮ ಜಿಲ್ಲೆಯಲ್ಲಿ ಸಂಘಗಳ ನೋಂದಣಿ ಇಂದಿಗೂ 1860ರ ಕಾಯಿದೆಯಡಿ ನಡೆಯುತ್ತದೆ. ಕನಿಷ್ಠ ಏಳು ಮಂದಿಯ ಸಹಿ ಸಾಕು. ಸೆವೆನ್ಸ್‌ನವರಿಗೆಂದೇ ಮಾಡಿದ ಕಾನೂನಿನಂತಿದೆ! ಬೈಲಾ, ಪದಾಧಿಕಾರಿಗಳ ಪಟ್ಟಿ, ವರ್ಷದ ಲೆಕ್ಕ ಸರಿಯಾಗಿಟ್ಟುಕೊಂಡು ಜಿಲ್ಲಾ ಫುಟ್‌ಬಾಲ್ ಸಂಸ್ಥೆಗೆ ಅರ್ಜಿ ಹಾಕಬೇಕು. ಹೊಸ ಕ್ಲಬ್ ಶುರು ಮಾಡುವುದು ಕೆಳಗಿನ ಡಿವಿಷನ್ನಿನಿಂದ. ಮೂರು ವರ್ಷದ ಕಪ್ಪುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹೋದರೂ ನೇರ ಮೇಲಿನ ಡಿವಿಷನ್ ಕೊಡುವುದಿಲ್ಲ.

ಎರಡನೆಯದು ಆಟಗಾರನದು. ಫೆಡರೇಷನ್ನಿನ ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬನ ಹೆಸರೂ ಏರಬೇಕು. ಕೇಳಲು ಸುಲಭ. ನಾವು ಮೊದಲ ಸಲ ಹುಡುಗರನ್ನು ಸಾಲಾಗಿ ಕೂರಿಸಿ ಕಾಗದ ತೆಗೆಸಿದಾಗ ನಮ್ಮ ಗೋಲ್‌ಕೀಪರ್‌ಗೆ ಮೂರು ಹೆಸರಿತ್ತು. ಜನನ ಪ್ರಮಾಣಪತ್ರದಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಇಳಿದ ಒಂದು, ಕನ್ನಡ ಮಾಧ್ಯಮದ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಮನೆಹೆಸರು ಸೇರಿದ ಇನ್ನೊಂದು, ಆಧಾರ್‌ನಲ್ಲಿ ಅಪ್ಪನ ಹೆಸರು ಅಂಟಿಕೊಂಡ ಮತ್ತೊಂದು. ಹುಟ್ಟಿದ ತಾರೀಕು ಮೂರರಲ್ಲೂ ಒಂದೇ ಇದ್ದದ್ದು ನಮ್ಮ ಪುಣ್ಯ. ಅವನ ಹೆಸರು ಸರಿಮಾಡಿಸುವಷ್ಟರಲ್ಲಿ ನೋಂದಣಿಯ ಅವಧಿ ಮುಗಿದಿತ್ತು. ಆ ವರ್ಷ ಬ್ಯಾಕ್ ಆಡುವ ಹುಡುಗನಿಗೆ ಗ್ಲೌಸ್ ತೊಡಿಸಿದೆವು. ಎಷ್ಟು ಗೋಲು ತಿಂದೆವು ಎಂದು ಕೇಳಬೇಡಿ. ಗಡಿನಾಡಿನ ಕನ್ನಡಿಗನಿಗೆ ಮೊದಲ ಡಿಫೆಂಡರ್ ಎದುರಾಗುವುದು ಮೈದಾನದಲ್ಲಲ್ಲ, ಸರ್ಕಾರಿ ಕಾಗದಪತ್ರ ಮಾಡಿಕೊಡುವ ಅಕ್ಷಯ ಕೇಂದ್ರದ ಸ್ಕ್ಯಾನರಿನ ಎದುರು.

ನಡುವೆ ಒಂದು ತಮಾಷೆ ಹೇಳಬೇಕು. ಫಿಫಾ ನಿಯಮದ ಪ್ರಕಾರ ಲಿಖಿತ ಒಪ್ಪಂದ ಇದ್ದು, ಖರ್ಚಿಗಿಂತ ಹೆಚ್ಚು ಸಂಭಾವನೆ ಪಡೆಯುವವನು ವೃತ್ತಿಪರ. ಉಳಿದವರೆಲ್ಲ ಅಮೆಚೂರ್, ಅಂದರೆ ಹವ್ಯಾಸಿ. ಹಾಗಾಗಿ ಒಂದು ರಾತ್ರಿಗೆ ಇಷ್ಟು ಎಂದು ಬಾಯಿಮಾತಿನಲ್ಲಿ ನಗದು ಎಣಿಸಿಕೊಳ್ಳುವ ಸೆವೆನ್ಸ್ ತಾರೆ ಕಾಗದದ ಮೇಲೆ ಅಪ್ಪಟ ಅಮೆಚೂರ್. ಕ್ಲಬ್ಬೊಂದರ ಜೊತೆ ಸಣ್ಣ ಮೊತ್ತಕ್ಕೆ ಸಹಿ ಹಾಕಿದ ಹುಡುಗ ವೃತ್ತಿಪರ. ಅವನು ಮತ್ತೆ ಅಮೆಚೂರ್ ಆಗಬೇಕಾದರೆ ವೃತ್ತಿಪರನಾಗಿ ಆಡಿದ ಕೊನೆಯ ಪಂದ್ಯದಿಂದ 30 ದಿನ ಕಳೆಯಬೇಕು. ಯಾರಾದರೂ ಸಹಿ ಹಾಕು ಎಂದು ಕಾಗದ ಚಾಚಿದರೆ ಓದಿ ಹಾಕಲು ನಿಮ್ಮ ಹುಡುಗರಿಗೆ ಹೇಳಿ.

ಇನ್ನು ಲೀಗ್‌ನಿಂದ ಸಿಗುವುದೇನು ಎಂಬ ಮಾತು. ಸಿಗುವುದು ಪಂದ್ಯಗಳು. 16 ತಂಡಗಳ ನಾಕೌಟ್ ಪಂದ್ಯಾಟದಲ್ಲಿ ಒಟ್ಟು 15 ಆಟ. ಎಂಟು ತಂಡಗಳು ಒಂದೇ ಆಟ ಆಡಿ ಮನೆಗೆ. ಸೋತರೆ ಹೊರಗೆ ಎಂಬ ಹೆದರಿಕೆಗೆ ಕೋಚ್ ಹದಿನೇಳರ ಹುಡುಗನನ್ನು ಬೆಂಚಿನಿಂದ ಏಳಿಸುವುದೇ ಇಲ್ಲ, ಹೊರಗಿನಿಂದ ಪಳಗಿದವನನ್ನು ತರುತ್ತಾನೆ. ಎಂಟು ತಂಡಗಳ ಒಂದು ಸುತ್ತಿನ ಲೀಗ್‌ನಲ್ಲಾದರೆ ಪ್ರತಿ ತಂಡಕ್ಕೂ ಏಳು ಆಟ ಖಾತ್ರಿ. ಮೂರನೆಯದು ಸೋತರೂ ನಾಲ್ಕನೆಯದು ಇದೆ. ಹನ್ನೊಂದು ಮಂದಿಯ ಆಟ, ದೊಡ್ಡ ಮೈದಾನ, ಎದುರಾಳಿಯ ಗೋಲಿನ ಬಳಿ ಸುಮ್ಮನೆ ಕಾದು ನಿಲ್ಲಲು ಬಿಡದ ಆಫ್‌ಸೈಡ್ ನಿಯಮ. ಸೆವೆನ್ಸ್‌ನಲ್ಲಿ ಗೋಲಿನ ಬಾಯಲ್ಲೇ ಕಾದು ನಿಂತು ಹೆಸರು ಮಾಡಿದ ಎಷ್ಟೋ ಫಾರ್ವರ್ಡ್‌ಗಳ ಬಣ್ಣ ಬಯಲಾಗುವುದು ಇಲ್ಲಿಯೇ.

ಆದರೆ ನಮ್ಮ ಲೀಗ್ ಈಗಿರುವಂತೆಯೇ ಚೆನ್ನ ಎಂದು ಹೇಳಲಾರೆ. ಜಿಲ್ಲೆಯ ಉತ್ತರದ ತಲಪಾಡಿ ಗಡಿಯಿಂದ ದಕ್ಷಿಣದ ತೃಕ್ಕರಿಪುರಕ್ಕೆ 80 ಕಿಲೋಮೀಟರ್ ಮೀರುತ್ತದೆ. ಮಂಜೇಶ್ವರದ ತಂಡಕ್ಕೆ ದಕ್ಷಿಣದಲ್ಲಿ ಪಂದ್ಯ ಬಿದ್ದರೆ ಒಂದು ದಿನದ ಕೂಲಿ, ವ್ಯಾನಿನ ಬಾಡಿಗೆ, ಊಟ ಎಲ್ಲ ಕ್ಲಬ್ಬಿನ ತಲೆಗೆ. ರೈಲಿನಲ್ಲಿ ಹೋಗೋಣವೆಂದರೆ ಪಂದ್ಯದ ಹೊತ್ತಿಗೂ ರೈಲಿನ ಹೊತ್ತಿಗೂ ತಾಳೆಯಾಗುವುದಿಲ್ಲ. ನನ್ನನ್ನು ಕೇಳಿದರೆ ಆಗಬೇಕಾದ ಮೊದಲ ಸುಧಾರಣೆ ಇದು: ಕೆಳಗಿನ ಡಿವಿಷನ್‌ಗಳನ್ನು ಉತ್ತರ ವಲಯ, ದಕ್ಷಿಣ ವಲಯ ಎಂದು ಒಡೆಯುವುದು. ವಲಯಕ್ಕೆ ಎಂಟು ತಂಡವಾದರೆ 28 ಪಂದ್ಯ, ಭಾನುವಾರಕ್ಕೆ ಎರಡರಂತೆ 14 ಭಾನುವಾರ, ಅದೂ ಒಂದೇ ಮೈದಾನದಲ್ಲಿ. ಡಿಸೆಂಬರ್ ಮೊದಲಿಗೆ ಶುರುವಾದರೆ ಮಾರ್ಚ್ ಮೊದಲಲ್ಲಿ ಮುಗಿಯುತ್ತದೆ. ವಲಯದ ವಿಜೇತರು ಮಾತ್ರ ಜಿಲ್ಲೆಯ ಉದ್ದ ಅಳೆದರೆ ಸಾಕು.

ಎರಡನೆಯದು ತಾರೀಕಿನ ಪಟ್ಟಿ. ಮಳೆ ಬಿಟ್ಟ ಅದೇ ನಾಲ್ಕೈದು ತಿಂಗಳಿಗೆ ಸೆವೆನ್ಸ್, ಲೀಗ್, ಶಾಲಾ ಕಾಲೇಜಿನ ಕೂಟ ಎಲ್ಲವೂ ಮುಗಿಬೀಳುತ್ತವೆ. ಮಾನ್ಯತೆ ಇಲ್ಲದ ಪಂದ್ಯಾಟದಲ್ಲಿ ಆಡಿದರೆ ಕ್ರಮ ಎಂದು ಅಸೋಸಿಯೇಷನ್‌ಗಳು ಗದರಿಸುವುದು ಹಳೆಯ ಕಥೆ. ಹುಡುಗರು ಬೇರೆ ಹೆಸರಿನಲ್ಲಿ ಆಡುವುದು ಅಷ್ಟೇ ಹಳೆಯದು. ಹೊಟ್ಟೆಪಾಡಿನ ಮುಂದೆ ಇಂಥ ನಿಯಮ ನಿಲ್ಲುವುದಿಲ್ಲ. ಸೆವೆನ್ಸ್ ಸಮಿತಿಯವರನ್ನು ಕೂರಿಸಿಕೊಂಡು ಭಾನುವಾರ ಲೀಗ್‌ಗೆ, ವಾರದ ರಾತ್ರಿಗಳು ನಿಮಗೆ ಎಂದು ಬರಹದಲ್ಲಿ ಹಂಚಿಕೊಳ್ಳುವುದು ಮರ್ಯಾದೆಯ ದಾರಿ.

ಮೇಲಿನ ಮೆಟ್ಟಿಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಷ್ಟ್ರಮಟ್ಟದ ಐ-ಲೀಗ್‌ನ ಮೂರನೆಯ ಹಂತ ಶುರುವಾದದ್ದೇ 2023ರಲ್ಲಿ. 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಕೆಳಗಿನಿಂದ ಗೆದ್ದು ಏರಿದ ಮೊದಲ ತಂಡ ಪಂಜಾಬ್, ಅದೂ 2023ರಲ್ಲಿ. 2024ರಲ್ಲಿ ಬಂದ ಸೂಪರ್ ಲೀಗ್ ಕೇರಳದ ಆರು ತಂಡಗಳಲ್ಲಿ ನಮಗೆ ಹತ್ತಿರದ್ದು ಕಣ್ಣೂರಿನದು. ಅಲ್ಲಿಗೆ ಆಟಗಾರ ಹೋಗಬಹುದು, ಕ್ಲಬ್ ಗೆದ್ದು ಹೋಗಲಾಗದು. ಅದು ಹಣ ಹೂಡಿದವರ ಫ್ರಾಂಚೈಸಿ.

ದಾರಿ ಇಲ್ಲವೇ ಇಲ್ಲ ಎನ್ನುವವರಿಗೆ ನಮ್ಮ ಜಿಲ್ಲೆಯದೇ ಉತ್ತರವಿದೆ. ತೃಕ್ಕರಿಪುರದ ಮೊಹಮ್ಮದ್ ರಫಿ ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ (ಎಸ್‌ಬಿಟಿ) ತಂಡದಲ್ಲಿ ಆಡಿ, ಮಹೀಂದ್ರ ಯುನೈಟೆಡ್‌ಗೆ ಹೋಗಿ, ಭಾರತದ ಅಂಗಿ ತೊಟ್ಟು, 2016ರ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ತಲೆಯಿಂದ ಗೋಲು ಹೊಡೆದವರು. ಆ ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಕೆಲಸವನ್ನೂ ಆಟವನ್ನೂ ಒಟ್ಟಿಗೆ ಕೊಡುತ್ತಿದ್ದ ಇಂಥ ನಡುವಿನ ಮೆಟ್ಟಿಲುಗಳು ಕಮ್ಮಿಯಾದಷ್ಟೂ ಜಿಲ್ಲಾ ಲೀಗ್‌ನ ಹೊರೆ ಹೆಚ್ಚುತ್ತದೆ.

ಹಾಗಾದರೆ ಮಂಗಳೂರಿಗೆ ಹೋಗಿ ಆಡಲೇ ಎಂದು ನಿಮ್ಮ ಹುಡುಗರು ಕೇಳಿಯೇ ಕೇಳುತ್ತಾರೆ. ಹೋಗಬಹುದು, ಆದರೆ ಒಂದು ಹೊತ್ತಿಗೆ ನೋಂದಣಿ ಒಂದೇ ಕ್ಲಬ್ಬಿನಲ್ಲಿ. ಭಾವನೆಯ ಮಾತು ಬೇರೆ. 2022ರ ಸಂತೋಷ್ ಟ್ರೋಫಿ ಸೆಮಿಫೈನಲ್‌ನಲ್ಲಿ ಕೇರಳ ಕರ್ನಾಟಕವನ್ನು 7-3ರಿಂದ ಹೊಡೆದ ರಾತ್ರಿ ಯಾರಿಗೆ ಕೂಗುವುದೆಂದು ನಮ್ಮ ಪೇಟೆಯ ಚಹಾದಂಗಡಿ ಇಬ್ಭಾಗವಾಗಿತ್ತು. ಮರುವರ್ಷ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಕಪ್ ಎತ್ತಿದಾಗ ಎರಡೂ ಕಡೆಯವರು ಕೂಡಿಯೇ ಚಹಾ ಕುಡಿದರು.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟು: ಈ ಮಳೆಗಾಲ ಮುಗಿಯುವುದರೊಳಗೆ ಆ ಇಬ್ಬರ ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಪುಸ್ತಕ, ಆಧಾರ್ ಮೂರನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು ಹೆಸರಿನ ಅಕ್ಷರ ಅಕ್ಷರ ತಾಳೆ ನೋಡಿ. ಗೋಲ್‌ಕೀಪರ್‌ನದನ್ನು ಮೊದಲು ನೋಡಿ.